ಇಬ್ಬರೇ ಕೂರುವ ಗಾಡಿ

ನಮ್ಮದು ಹಾಸಿಗೆ ಮಾಡುವ ಮನೆ. ಮಳವಳ್ಳಿಯ ಪೇಟೆ ಬೀದಿಯ ಹಿಂದೆ, ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಚಿಕ್ಕ ಅಂಗಡಿಯಲ್ಲಿ ಅಬ್ಬ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದರು. ಅವರು ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅಣ್ಣನಿಗೆ ಇಪ್ಪತ್ತೊಂದು. ಮುಂದಿನ ವಾರದಿಂದಲೇ ಅಣ್ಣ ಅಬ್ಬನ ಜಾಗದಲ್ಲಿ ಕೂತ. ನನ್ನನ್ನು ಓದಿಸಿದ್ದು, ಪಿಯುಸಿಯಲ್ಲಿ ಎರಡು ಸಲ ಫೇಲಾದಾಗ ಒಂದು ಮಾತೂ ಬೈಯದೆ ಅಂಗಡಿಗೆ ಕರೆದುಕೊಂಡು ಬಂದದ್ದು, ನನಗೆ ಹೆಣ್ಣು ನೋಡಿದ್ದು ಎಲ್ಲವೂ ಅವನೇ. ಮನೆಯಲ್ಲಿ ನಾವು ಉರ್ದು ಆಡುವವರು. ಆದರೆ ನನಗೂ ಅಣ್ಣನಿಗೂ ಕೆಲಸದ ಮಾತು, ಜಗಳದ ಮಾತು ಮಾತ್ರ ಕನ್ನಡದಲ್ಲೇ ಬರುತ್ತಿತ್ತು. ಅದು ಯಾಕೆಂದು ನಾವು ಯೋಚಿಸಿದ್ದಿಲ್ಲ.

ಬಿಲ್ಲನ್ನು ಅಟ್ಟಕ್ಕೆ ಹಾಕಿ ಹಿಂಜುವ ಯಂತ್ರ ತಂದವನು ಅಣ್ಣ. ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಫೋಮಿನ ಹಾಸಿಗೆ ಬಂತು. ಹೊಸ ಹತ್ತಿ ಹಾಸಿಗೆ ಮಾಡಿಸುವವರು ಬರುಬರುತ್ತಾ ಇಲ್ಲವಾದರು. ಆದರೆ ಹಳ್ಳಿಗಳಲ್ಲಿ ಹಳೆಯ ಹಾಸಿಗೆಗಳು ಬೇಕಾದಷ್ಟಿದ್ದವು. ಮದುವೆಯಲ್ಲಿ ತವರಿನವರು ಕೊಟ್ಟದ್ದು, ಬಾಣಂತನಕ್ಕೆಂದು ಮಾಡಿಸಿದ್ದು, ಗಂಟುಗಟ್ಟಿ ಹಲಗೆಯಂತಾದರೂ ಎಸೆಯಲು ಮನಸ್ಸು ಬಾರದೆ ಮಂಚದ ಕೆಳಗೆ ಸುತ್ತಿಟ್ಟದ್ದು. ಅವನ್ನು ಹೊತ್ತುಕೊಂಡು ಯಾರೂ ಮಳವಳ್ಳಿಗೆ ಬರುವುದಿಲ್ಲ. ನಾವೇ ಅವರ ಬಾಗಿಲಿಗೆ ಹೋಗಬೇಕು.

ಹಾಗೆ ಹೋಗಲು ಶುರು ಮಾಡಿದೆವು. ಮದ್ದೂರಿನ ಒಬ್ಬರ ದೊಡ್ಡ ಪಿಕಪ್ಪನ್ನು ವಾರಕ್ಕೆ ನಾಲ್ಕು ದಿನ ಬಾಡಿಗೆಗೆ ತೆಗೆದುಕೊಂಡು, ಅದರ ಹಿಂಭಾಗದಲ್ಲಿ ಯಂತ್ರವನ್ನೂ ಡೀಸೆಲ್ ಇಂಜಿನ್ನನ್ನೂ ಬೋಲ್ಟು ಹಾಕಿ ಕೂರಿಸಿದೆವು. ಗಾಡಿ ಓಡಿಸುವುದು, ಮೈಕಿನಲ್ಲಿ ಕೂಗುವುದು, ಹಾಸಿಗೆ ಬಿಚ್ಚಿ ಮತ್ತೆ ತುಂಬುವುದು ನನ್ನ ಕೆಲಸ. ಯಂತ್ರಕ್ಕೆ ಹತ್ತಿ ಕೊಡುವುದು ಅಣ್ಣನದು. ಅದು ನೋಡಲು ಸುಲಭ. ಆದರೆ ಹೆಚ್ಚು ಕೊಟ್ಟರೆ ಯಂತ್ರ ಕಚ್ಚಿಕೊಳ್ಳುತ್ತದೆ, ಕಡಿಮೆ ಕೊಟ್ಟರೆ ಹತ್ತಿ ಪುಡಿಯಾಗಿ ಹಾರಿಹೋಗುತ್ತದೆ. ಅಣ್ಣನ ಕೈಗೆ ಅದರ ಅಳತೆ ಗೊತ್ತಿತ್ತು. ದಬ್ಬಳ ಹಿಡಿದು ಹೊಲಿಯುವುದು ಅತ್ತಿಗೆ. ನನ್ನ ಹೆಂಡತಿ ಅಂಗಡಿಯಲ್ಲಿರುತ್ತಿದ್ದಳು. ನಾವು ಮೂವರು ಮುಂದಿನ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಹನಕೆರೆ, ಕೊಪ್ಪ, ಕಿರುಗಾವಲು ಅಂತ ತಿರುಗಿದೆವು. ಅತ್ತಿಗೆ ಕಿಟಕಿಯ ಕಡೆ, ಅಣ್ಣ ನಡುವೆ. ಗೇರು ಹಾಕುವಾಗಲೆಲ್ಲ ಅವನು ಮೊಣಕಾಲನ್ನು ಪಕ್ಕಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು. ಅದು ಅವನಿಗೆ ಅಭ್ಯಾಸವಾಗಿ, ನಾನು ಕ್ಲಚ್ಚು ಒತ್ತುತ್ತಿದ್ದಂತೆಯೇ ಅವನ ಕಾಲು ತಾನಾಗಿ ಸರಿಯುತ್ತಿತ್ತು.

ಎರಡು ವರ್ಷದ ಮೇಲೆ ಮದ್ದೂರಿನವರು ಆ ಗಾಡಿಯನ್ನು ಮಾರುತ್ತೇವೆಂದರು. ನಾವೇ ಒಂದು ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ದೊಡ್ಡದೋ, ಮಧ್ಯಮದ್ದೋ ಎಂಬ ಪ್ರಶ್ನೆ ಎದ್ದದ್ದು ನನ್ನಿಂದ. ಅಣ್ಣನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಇದ್ದಂಥದ್ದೇ ಇನ್ನೊಂದು ತರುವುದು, ಅಷ್ಟೇ.

ನಾನು ಓಣಿಗಳ ಮಾತು ತೆಗೆದೆ. ದೊಡ್ಡ ಗಾಡಿ ಹಳ್ಳಿಯ ಒಳಕ್ಕೆ ಹೋಗುವುದಿಲ್ಲ, ಊರಬಾಗಿಲಲ್ಲಿ ನಿಲ್ಲಿಸಬೇಕು, ಅಲ್ಲಿಗೆ ಹಾಸಿಗೆ ಹೊತ್ತು ತರಲಾರದೆ ಎಷ್ಟೋ ಮನೆಯವರು ಬಿಟ್ಟುಬಿಡುತ್ತಾರೆ ಎಂದೆ. ಸುಳ್ಳಲ್ಲ. ಟೇಪು ಹಿಡಿದು ಮೂರು ಊರಿನ ಓಣಿಗಳನ್ನು ಅಳೆದು ಬಂದೆ. ಕನ್ನಡಿ ಸೇರಿ ದೊಡ್ಡ ಗಾಡಿಯ ಅಗಲ ಎಷ್ಟು, ಓಣಿಯದೆಷ್ಟು, ತಿರುವಿನಲ್ಲಿ ಎಷ್ಟು ಬೇಕು ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅಣ್ಣ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟೆಲ್ಲ ಅಳೆದಿದ್ದೀಯಾ" ಎಂದ.

ನಾನು ಅವನಿಗೆ ಹೇಳದ ಒಂದು ಸಂಗತಿಯಿತ್ತು. ಅದಕ್ಕೆ ಆರು ತಿಂಗಳ ಹಿಂದೆ ಕೊಪ್ಪದಲ್ಲಿ, ಹೇಗೋ ಒಂದು ಓಣಿಯೊಳಗೆ ತಂದಿದ್ದ ಆ ದೊಡ್ಡ ಗಾಡಿಯನ್ನು ನಾನೊಬ್ಬನೇ ಮುಂದೆ ಕೂತು ರಿವರ್ಸು ತೆಗೆಯುತ್ತಿದ್ದೆ. ಹಿಂದೆ ಯಂತ್ರ, ಹತ್ತಿಯ ಮೂಟೆ ತುಂಬಿದ್ದರಿಂದ ಒಳಗಿನ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಎಡಗಡೆ ಏನೋ ಕಟಕ್ಕೆಂದಿತು. ಇಳಿದು ನೋಡಿದರೆ ಒಂದು ಮನೆಯ ಜಗಲಿಯ ಅಂಚು ಮುರಿದಿತ್ತು. ಅದರ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಇಳಿಬಿಟ್ಟಿದ್ದ ಕಾಲುಗಳನ್ನು ಎತ್ತಿ ಮೊರದ ಪಕ್ಕದಲ್ಲಿ ಇಟ್ಟುಕೊಂಡಿದ್ದರು.

"ಓಗ್ಲಿ ಬುಡಪ್ಪ. ಕಾಲು ಎತ್ಕಂಡೆ" ಎಂದರು ಅಜ್ಜಿ, ಏನೂ ಆಗದವರ ಹಾಗೆ. ಮತ್ತೆ ಅವರೆಕಾಯಿ ಸುಲಿಯತೊಡಗಿದರು.

ಅಂದಿನಿಂದ ದೊಡ್ಡ ಗಾಡಿಯ ಸ್ಟೇರಿಂಗು ಹಿಡಿದರೆ ಅಂಗೈ ಬೆವರುತ್ತಿತ್ತು. ಓಣಿಯ ಅಳತೆ, ಚೀಟಿ, ಇವೆಲ್ಲ ಆ ಭಯಕ್ಕೆ ನಾನು ಹುಡುಕಿಕೊಂಡ ಕಾರಣಗಳು. ಕಾರಣಗಳು ನಿಜವಾಗಿದ್ದುದರಿಂದ ನಾನು ಮೋಸ ಮಾಡುತ್ತಿದ್ದೇನೆಂದು ನನಗೇ ಅನ್ನಿಸಲಿಲ್ಲ. ದುಡ್ಡಿನ ಮಾತನ್ನೂ ನೆಪ ಮಾಡಿಕೊಳ್ಳುವಂತಿಲ್ಲ. ಎರಡರಲ್ಲಿ ಯಾವುದನ್ನಾದರೂ ಹೇಗೋ ಹೊಂದಿಸಬಹುದಿತ್ತು.

ಮಂಡ್ಯದ ಹೆದ್ದಾರಿಯ ಪಕ್ಕದ ಶೋರೂಮಿಗೆ ಮೂವರೂ ಹೋದೆವು. ಎರಡು ಗಾಡಿಗಳೂ ಅಕ್ಕಪಕ್ಕ ನಿಂತಿದ್ದವು, ಎರಡೂ ಬಿಳಿಯವು. ಅಣ್ಣ ಮೊದಲು ದೊಡ್ಡದರ ಬಾಗಿಲು ತೆಗೆಸಿ ಹತ್ತಿದ. ಅತ್ತಿಗೆಯನ್ನೂ ಕೈಹಿಡಿದು ಹತ್ತಿಸಿಕೊಂಡ. ನಾನು ಸ್ಟೇರಿಂಗಿನ ಮುಂದೆ ಕೂತೆ. ಕೈ ಬೆವರಿತು. ಅಣ್ಣ ಡ್ಯಾಶ್‌ಬೋರ್ಡನ್ನು ಸವರಿ, "ಮೂರು ಜನಕ್ಕೆ ಸಲೀಸು" ಎಂದ.

ಆಮೇಲೆ ಮಧ್ಯಮದ್ದನ್ನು ನೋಡಿದೆವು. ನನ್ನ ಮಟ್ಟಿಗೆ ಅದು ಕೈಗೆ ಸಿಕ್ಕ ಗಾಡಿ. ಎದುರಿಗೆ ನೆಲ ಕಾಣುತ್ತಿತ್ತು, ಎಡಗಡೆಯ ಮೂಲೆ ಎಲ್ಲಿ ಮುಗಿಯುತ್ತದೆಂದು ಗೊತ್ತಾಗುತ್ತಿತ್ತು. ಯಂತ್ರ ಕೂರುವಷ್ಟು ಉದ್ದ ಇದೆಯೆಂದು ಶೋರೂಮಿನವನು ತಾನೇ ಟೇಪು ಹಿಡಿದು ತೋರಿಸಿದ. ಅಣ್ಣ ಕಿಟಕಿಯಿಂದ ಒಳಗೆ ಇಣುಕಿದ.

"ಇದ್ರಾಗೆ ಇಬ್ರಿಗೇ ಅಲ್ವಾ ಸೀಟು?"

"ಡ್ರೈವರ್ ಪ್ಲಸ್ ಒಂದು ಸಾರ್" ಎಂದ ಶೋರೂಮಿನವನು.

"ಹಿಂದೆ ಜಾಗ ಐತಲ್ಲ ಭಾಯ್" ಎಂದೆ ನಾನು.

ಯಾಕೆ ಹಾಗೆಂದೆನೋ. ಸಾಮಾನಿಗೆ ಜಾಗವಿದೆ ಎಂಬ ಅರ್ಥದಲ್ಲಿ ಹೇಳಿದೆನೆಂದು ಆಮೇಲೆ ನನ್ನನ್ನೇ ನಂಬಿಸಿಕೊಳ್ಳಲು ನೋಡಿದೆ. ಅಣ್ಣ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಸರಿ. ಓಡ್ಸೋನು ನೀನು. ನಿಂಗೆ ಯಾವ್ದು ಸರಿ ಅನ್ಸುತ್ತೋ ಅದು" ಎಂದ. ಅತ್ತಿಗೆ ಸೆರಗು ಸರಿಮಾಡಿಕೊಂಡು ದೊಡ್ಡ ಗಾಡಿಯ ಕಡೆ ಇನ್ನೊಮ್ಮೆ ನೋಡಿದರು.

ಮೊದಲ ಮೂರ್ನಾಲ್ಕು ತಿಂಗಳು ಗಾಡಿ ನಾನು ಹೇಳಿದ ಹಾಗೆಯೇ ನಡೆದುಕೊಂಡಿತು. ಹಿಂದೆ ಎಂದೂ ಹೋಗದ ಓಣಿಗಳೊಳಗೆ ಹೋದೆವು. ಬಾಗಿಲ ಮುಂದೆ ನಿಲ್ಲಿಸಿ ಟಾರ್ಪಾಲು ಹಾಸಿದರೆ ಅಕ್ಕಪಕ್ಕದ ನಾಲ್ಕು ಮನೆಯಿಂದ ಹಾಸಿಗೆ, ದಿಂಬು ಹೊರಗೆ ಬರುತ್ತಿದ್ದವು. ಹನಕೆರೆಯಲ್ಲಿ ಒಂದೇ ಬೀದಿಯಲ್ಲಿ ಎರಡು ದಿನ ಕೆಲಸವಾಯಿತು. "ನೋಡ್ದಾ ಭಾಯ್" ಎಂದು ನಾನು ಬೀಗಿದೆ. "ಹೂಂ, ಒಳ್ಳೇ ಗಾಡಿ" ಎಂದು ಅವನೂ ಅಂದ.

ಆದರೆ ಅವನು ಹಿಂದೆ ಕೂತು ಬರುತ್ತಿದ್ದ. ಇಂಜಿನ್ನಿಗೂ ಹತ್ತಿಯ ಮೂಟೆಗೂ ನಡುವೆ ಒಂದು ದಿಂಬು ಹಾಕಿಕೊಂಡು, ಟವೆಲನ್ನು ಮೂಗು ಬಾಯಿಗೆ ಕಟ್ಟಿಕೊಂಡು. ಗಾಡಿ ವೇಗವಾಗಿ ಹೋದಾಗ ಯಂತ್ರದ ಸಂದಿಯಲ್ಲಿ ಕೂತಿದ್ದ ಹಳೆಯ ಧೂಳೆಲ್ಲ ಎದ್ದು ಅವನ ಮೇಲೆ ಸುಳಿಯುತ್ತಿತ್ತು. ಇಳಿದಾಗ ಹುಬ್ಬು, ಗಡ್ಡ ಎಲ್ಲ ಬೆಳ್ಳಗಿರುತ್ತಿದ್ದವು. ಅವನು ಟವೆಲು ಕೊಡವಿ ಕೆಮ್ಮುತ್ತಿದ್ದ. ಕೆಮ್ಮು ಹೊಸದೇನಲ್ಲ, ನಮ್ಮ ಕಸುಬಿನವರೆಲ್ಲರಿಗೂ ಒಂದಿಷ್ಟು ಕೆಮ್ಮಿರುತ್ತದೆ. ನಾನು ಹಿಂದೆ ಕೂರುತ್ತೇನೆ ಎನ್ನುವಂತಿರಲಿಲ್ಲ, ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ. ಅತ್ತಿಗೆ, "ನಾನು ಬಸ್ಸಿನಲ್ಲಿ ಬರ್ತೀನಿ, ಹೆಂಗಸರಿಗೆ ಪುಕ್ಕಟೆ ತಾನೆ" ಎಂದರು. ಅಣ್ಣ ಒಪ್ಪಲಿಲ್ಲ. ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಮಂಡಿನೋವಿನಲ್ಲಿ ಅವಳು ನಿಂತುಕೊಂಡು ಬರುವುದು ಬೇಡ ಎಂದ.

ಒಂದು ದಿನ ಮದ್ದೂರಿನ ಹತ್ತಿರ ಪೊಲೀಸರು ಕೈ ತೋರಿಸಿದರು. ಸಾಮಾನಿನ ಗಾಡಿಯ ಹಿಂದೆ ಜನ ಕೂರುವಂತಿಲ್ಲ, ಬಿದ್ದು ಸತ್ತರೆ ಯಾರು ಹೊಣೆ ಎಂದರು. ಅವರು ಕೇಳಿದ್ದು ಸರಿಯೇ. ಅಣ್ಣ ಅಲ್ಲೇ ಇಳಿದು, ಮೈ ಕೊಡವಿಕೊಂಡು, "ನೀವ್ ಓಗ್ರಿ, ನಾನು ಬಸ್ಸಿಡ್ಕಂಡು ಬತ್ತೀನಿ" ಎಂದು ರಸ್ತೆಯ ಪಕ್ಕದಲ್ಲಿ ನಡೆಯತೊಡಗಿದ. ಪೊಲೀಸರು ನೋಡುತ್ತಿದ್ದುದರಿಂದ ಅವನನ್ನು ನಿಧಾನಕ್ಕೆ ದಾಟಿಕೊಂಡು ಮುಂದೆ ಹೋಗದೆ ಬೇರೆ ದಾರಿಯಿರಲಿಲ್ಲ. ಅತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಲೇ ಇದ್ದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಬೆಳಿಗ್ಗೆ ನಾನೂ ಅತ್ತಿಗೆಯೂ ಗಾಡಿಯಲ್ಲಿ ಹೊರಡುವುದು, ಅಣ್ಣ ಬಸ್ಸಿನಲ್ಲಿ ಬಂದು ಸೇರುವುದು. ಅವನು ಬರುವುದರೊಳಗೆ ನಾವು ಬೀದಿ ಸುತ್ತಿ, ಕೆಲಸ ಹಿಡಿದು, ಹಾಸಿಗೆ ಬಿಚ್ಚಿ ಇಟ್ಟಿರುತ್ತಿದ್ದೆವು. ಅವನು ಊಟದ ಡಬ್ಬಿಯ ಚೀಲ ಹಿಡಿದು ಬೀದಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ. ಬರುಬರುತ್ತಾ ಬೀದಿಯ ತುದಿಯಿಂದ ಗಾಡಿಯ ತನಕ ನಡೆಯಲು ಅವನು ತೆಗೆದುಕೊಳ್ಳುವ ಹೊತ್ತು ಹೆಚ್ಚಾಯಿತು. ನಡುವೆ ಯಾರದೋ ಮನೆಯ ಮುಂದೆ ನಿಂತು ಮಾತಾಡಿಸುವವನ ಹಾಗೆ ನಿಲ್ಲುತ್ತಿದ್ದ. ಮಾತಾಡುವುದು ಅವನ ಸ್ವಭಾವ ಎಂದುಕೊಂಡೆ. ಅವನು ಉಸಿರಿಗಾಗಿ ನಿಲ್ಲುತ್ತಿದ್ದ ಎನ್ನುವುದು ನನಗೆ ಹೊಳೆಯಲಿಲ್ಲ. ಹೊಳೆಯದಿದ್ದಿರಲಾರದು. ಹೊಳೆದರೆ ಏನು ಮಾಡಬೇಕೆಂದು ತಿಳಿಯದೆ ಪಕ್ಕಕ್ಕೆ ಇಟ್ಟಿದ್ದೆ.

ಆ ದಿನ ಕೊಪ್ಪದಲ್ಲಿದ್ದೆವು. ಒಂದು ದೊಡ್ಡ ಮನೆಯವರು ನಾಲ್ಕು ಹಾಸಿಗೆ ಕೊಟ್ಟಿದ್ದರು. ಮಗಳ ಬಾಣಂತನ ಹತ್ತಿರವಿತ್ತು, ಸಂಜೆಯೊಳಗೆ ಆಗಬೇಕಿತ್ತು. ಎರಡನ್ನು ಬಿಚ್ಚಿ ಟಾರ್ಪಾಲಿನ ಮೇಲೆ ಹತ್ತಿ ಸುರಿದು ಅಣ್ಣನಿಗೆ ಕಾದೆವು. ಅವನು ಮಳವಳ್ಳಿಯಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಕೊಪ್ಪಕ್ಕೆ ಇನ್ನೊಂದು ಹಿಡಿಯಬೇಕು. ಹತ್ತು ಗಂಟೆಗೆ ಬರಬೇಕಾದವನು ಹನ್ನೊಂದಾದರೂ ಬರಲಿಲ್ಲ. ಫೋನು ಮಾಡಿದರೆ ರಿಂಗಾದದ್ದು ನಮ್ಮ ಗಾಡಿಯೊಳಗೆ. ಹಿಂದಿನ ದಿನ ಚಾರ್ಜಿಗೆ ಹಾಕಿ ಮರೆತಿದ್ದ. ಮನೆಗೆ ಫೋನು ಮಾಡಿದೆ. ಎಂಟಕ್ಕೇ ಹೊರಟರು ಎಂದಳು ನನ್ನ ಹೆಂಡತಿ.

ಗಾಳಿ ಎದ್ದಿತ್ತು. ಹತ್ತಿ ಟಾರ್ಪಾಲಿನ ಅಂಚಿನಿಂದ ಎದ್ದೆದ್ದು ಬೀದಿಯಲ್ಲಿ ಉರುಳುತ್ತಿತ್ತು. ಮನೆಯವರು ಬಾಗಿಲಲ್ಲಿ ನಿಂತು ನೋಡಿದರು.

"ಏನ್ ಸಾಬ್ರೇ, ಇಂಗೆ ಬಿಚ್ಚಾಕ್ಬುಟ್ಟು ಕುಂತಿದ್ದೀರಲ್ಲ" ಎಂದರು ಯಜಮಾನಿತಿ.

"ಅಣ್ಣ ಬರಬೇಕು ಕಣಮ್ಮ" ಎಂದೆ.

ಅತ್ತಿಗೆ ಎದ್ದು ಎರಡು ಸೀರೆಗಳನ್ನು ಹತ್ತಿಯ ಮೇಲೆ ಹೊದಿಸಿ, ನಾಲ್ಕು ಮೂಲೆಗೆ ಕಲ್ಲು ಹೇರಿದರು. "ನೀನು ಹೋಗು. ನಾನಿಲ್ಲಿ ಕೂತಿರ್ತೀನಿ" ಎಂದರು. ಅವರ ಮುಖ ನೋಡಲು ನನಗಾಗಲಿಲ್ಲ.

ದಾರಿಯುದ್ದಕ್ಕೂ ಎದುರಿನಿಂದ ಬಂದ ಪ್ರತಿ ಬಸ್ಸಿನ ಕಿಟಕಿಗಳನ್ನು ನೋಡಿಕೊಂಡು ಹೋದೆ. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ತುದಿಯ ಸಿಮೆಂಟು ಬೆಂಚಿನ ಮೇಲೆ ಕೂತಿದ್ದ. ಎರಡು ಕೈಗಳನ್ನೂ ಮೊಣಕಾಲ ಮೇಲೆ ಊರಿ, ಮುಂದಕ್ಕೆ ಬಾಗಿ, ಭುಜಗಳನ್ನು ಎತ್ತಿ ಎತ್ತಿ ಉಸಿರು ತೆಗೆಯುತ್ತಿದ್ದ. ಚೀಲ ಕಾಲಿನ ನಡುವೆ ಇತ್ತು. ಅವನ ಪಕ್ಕದಲ್ಲಿ ಜನ ಕೂತಿದ್ದರು, ಏಳುತ್ತಿದ್ದರು, ಬಾಳೆಹಣ್ಣು ತಿನ್ನುತ್ತಿದ್ದರು. ಯಾರಿಗೂ ಏನೂ ಅನ್ನಿಸಿದಂತಿರಲಿಲ್ಲ. ಅವನೂ ಯಾರನ್ನೂ ಕರೆದಿರಲಿಲ್ಲ.

ನನ್ನನ್ನು ಕಂಡು ನಾಚಿಕೊಂಡವನಂತೆ ನಕ್ಕ.

"ಹತ್ತಕ್ಕಾಗ್ನಿಲ್ಲ ಕಣೋ. ಮೂರು ಬಸ್ ಓಯ್ತು. ಮೆಟ್ಲು ಎತ್ರ" ಎಂದ. ಪ್ರತಿ ಎರಡು ಪದಕ್ಕೆ ಒಂದು ಸಲ ನಿಲ್ಲಿಸಬೇಕಾಗುತ್ತಿತ್ತು.

"ಯಾರ ಫೋನಿಂದಾದ್ರೂ ಮಾಡೋದಲ್ವಾ ಭಾಯ್?"

"ನಿನ್ ನಂಬರು ಬಾಯಿಗೆ ಬರ್ನಿಲ್ಲ."

ನೀರು ಕುಡಿಸಿದೆ. ಈಗಲೇ ಮಂಡ್ಯಕ್ಕೆ, ಆಸ್ಪತ್ರೆಗೆ ಹೋಗೋಣ ಎಂದೆ. ಅವನು ಕೈಯೆತ್ತಿ ತಡೆದ.

"ಹತ್ತಿ ಬಿಚ್ಚಿ ಬಂದಿದ್ದೀಯಾ?"

"ಬಿಚ್ಚೀನಿ."

"ಯಾರ್ ಮನೇದು?"

ಹೇಳಿದೆ. ಬಾಣಂತಿಯ ಮಾತೂ ಹೇಳಿದೆ. ಹೇಳಬಾರದಿತ್ತು. "ಹಂಗಾದ್ರೆ ಮೊದ್ಲು ಅಲ್ಲಿಗೆ ನಡಿ. ಬಿಚ್ಚಿದ್ ಹತ್ತೀನ ಬೀದೀಲಿ ಬಿಟ್ಟು ಯಾವತ್ತಾದ್ರೂ ಬಂದಿದ್ವಾ" ಎಂದ. ಮೂವತ್ತೈದು ವರ್ಷದಿಂದ ಅವನು ಹೇಳಿದ್ದನ್ನು ಕೇಳಿಕೊಂಡು ಬಂದವನು ನಾನು. ಅಂದೂ ಕೇಳಿದೆ. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕೊಪ್ಪಕ್ಕೆ ಕರೆದುಕೊಂಡು ಹೋದೆ. ಅವನು ಒಂದು ಸ್ಟೂಲಿನ ಮೇಲೆ ಕೂತು ನಾಲ್ಕೂ ಹಾಸಿಗೆಯ ಹತ್ತಿಯನ್ನು ಯಂತ್ರಕ್ಕೆ ಕೊಟ್ಟ. ಅತ್ತಿಗೆ ಅವನ ಟವೆಲಿನ ಮೇಲೆ ಒಂದು ಹಳೆ ಸೀರೆಯ ತುಂಡನ್ನೂ ಸೇರಿಸಿ ಮೂಗಿಗೆ ಬಿಗಿದು ಕಟ್ಟಿದರು. ನಾನು ಬೇಡ ಅನ್ನಲಿಲ್ಲ. ಅವನ ಹಾಗೆ ಹತ್ತಿ ಕೊಡಲು ನನಗೆ ಬರುತ್ತಿರಲಿಲ್ಲ, ಬಂದಿದ್ದರೆ ಅನ್ನುತ್ತಿದ್ದೆನೋ ಏನೋ. ಸಂಜೆಯೊಳಗೆ ಕೆಲಸ ಮುಗಿಯಿತು.

ಮರುದಿನ ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ನನಗಿಂತ ಚಿಕ್ಕವರು, ಮೆತ್ತಗೆ ಮಾತಾಡುವವರು. ಏನು ಕೆಲಸ ಎಂದು ಕೇಳಿದರು. ಎಷ್ಟು ವರ್ಷದಿಂದ ಎಂದು ಕೇಳಿದರು. ಶ್ವಾಸಕೋಶದಲ್ಲಿ ಹತ್ತಿಯ ಧೂಳು ಸೇರಿ ಸೇರಿ ಹೀಗಾಗಿದೆ, ಇನ್ನು ಆ ಧೂಳಿನ ಹತ್ತಿರ ಹೋಗಲೇಬಾರದು, ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದರು. ಅಣ್ಣ ಎಲ್ಲದಕ್ಕೂ ತಲೆಯಾಡಿಸಿದ, ಯಾರದೋ ಹಾಸಿಗೆಯ ಅಳತೆ ಕೇಳಿಸಿಕೊಳ್ಳುವವನ ಹಾಗೆ.

ಅವನನ್ನು ಹೊರಗೆ ಕೂರಿಸಿ ನಾನೊಬ್ಬನೇ ಮತ್ತೆ ಒಳಗೆ ಹೋದೆ.

"ಸಾರ್, ನಾಲ್ಕೈದು ತಿಂಗಳು ಗಾಡಿ ಹಿಂದೆ ಯಂತ್ರದ ಪಕ್ಕ ಕೂತು ಓಡಾಡ್ದ. ಅದರಿಂದ ಆಯ್ತಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದು ಮೂವತ್ತು ವರ್ಷದ್ದು. ಅದರಿಂದಷ್ಟೇ ಆಯ್ತು ಅಂತ ಹೇಳೋಕಾಗಲ್ಲ" ಎಂದರು.

ಅದರಿಂದ ಆಗಲಿಲ್ಲ ಎಂದಿದ್ದರೆ ಸಾಕಿತ್ತು. ಅದರಿಂದಲೇ ಆಯ್ತು ಎಂದಿದ್ದರೂ ನಾನು ಎಲ್ಲಾದರೂ ಕೂತು ಅತ್ತು ಮುಗಿಸುತ್ತಿದ್ದೆ. ಆ 'ಅಷ್ಟೇ' ಎಂಬ ಪದವನ್ನು ಏನು ಮಾಡಬೇಕೆಂದು ನನಗೆ ಈಗಲೂ ತಿಳಿದಿಲ್ಲ.

ಒಂದು ವಾರವಾದ ಮೇಲೆ ಯಾರಿಗೂ ಹೇಳದೆ ಶೋರೂಮಿಗೆ ಹೋದೆ. ಈ ಗಾಡಿ ಕೊಟ್ಟು ದೊಡ್ಡದನ್ನು ತೆಗೆದುಕೊಳ್ಳಬಹುದಾ ಎಂದು ಕೇಳಿದೆ. ಆಗುತ್ತದೆ ಎಂದರು. ಕಾಗದ ಬರೆಸಿಕೊಂಡು ಮನೆಗೆ ಬಂದೆ. ಅಣ್ಣ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ಸಂಜೆಯ ಬಿಸಿಲಿಗೆ. ಕೈಯಲ್ಲಿ ಬಾಯಿಗೆ ಒತ್ತಿ ಉಸಿರೆಳೆದುಕೊಳ್ಳುವ ಔಷಧಿಯ ಪಂಪು ಇತ್ತು.

"ದೊಡ್ಡ ಗಾಡಿ ತಗೊಂಡ್ಬಿಡಾಣ ಭಾಯ್. ಮೂರು ಜನ ಮುಂದೇನೇ ಕೂರ್ಬೋದು."

"ಈಗ್ಯಾಕೆ?"

"ನೀನೂ ಬರ್ಬೋದಲ್ಲ."

"ಬಂದು ಏನ್ ಮಾಡ್ಲಿ? ಧೂಳಿಂದ ದೂರ ಇರು ಅಂದವ್ರೆ. ಗಾಡೀಲಿ ಕೂತು ನಿಮ್ಮನ್ನ ನೋಡ್ಲಾ?"

ಕಾಗದವನ್ನು ಮಡಿಸುತ್ತಾ ಬಿಚ್ಚುತ್ತಾ ನಿಂತಿದ್ದೆ. ಅವನು ಪಂಪನ್ನು ಬಾಯಿಗಿಟ್ಟು ಒಂದು ಸಲ ಎಳೆದುಕೊಂಡು, ಸ್ವಲ್ಪ ಹೊತ್ತು ಉಸಿರು ಹಿಡಿದು ಬಿಟ್ಟ.

"ನಿಂಗೆ ದೊಡ್ಡ ಗಾಡಿ ಅಂದ್ರೆ ಭಯ" ಎಂದ. "ಕೊಪ್ಪದಾಗೆ ಆ ಮುದುಕಮ್ಮನ ಜಗ್ಲಿ ಮುರಿದಾಗ ನಾನು ಹಿಂದೆ ಯಂತ್ರದ ಬೋಲ್ಟು ಬಿಗೀತಿದ್ದೆ. ನೋಡ್ದೆ. ನೀನು ಹೇಳ್ತೀಯಾ ಅಂತ ಕಾಯ್ದೆ. ಹೇಳ್ನಿಲ್ಲ. ಆಮೇಲೆ ಚೀಟಿ ಬರ್ಕಂಡು ಬಂದೆಯಲ್ಲ, ಆಗ ಗೊತ್ತಾಯ್ತು."

"ಮತ್ತೆ ಯಾಕೆ ಒಪ್ಕೊಂಡೆ?"

"ಭಯ ಇಟ್ಕಂಡು ಓಡ್ಸಿದ್ರೆ ಯಾರನ್ನಾದ್ರೂ ತುಳೀತೀಯ ಕಣ್ಲಾ. ಇನ್ನೇನ್ ಮಾಡ್ಲಿ."

ಅವನು ಅದನ್ನು ಬೇಸರದಿಂದಲೂ ಹೇಳಲಿಲ್ಲ, ದೊಡ್ಡತನದಿಂದಲೂ ಹೇಳಲಿಲ್ಲ. ಯಾವತ್ತೋ ಮುಗಿದುಹೋದ ವಿಷಯದಂತೆ ಹೇಳಿದ. ಆಮೇಲೆ ಬಿಸಿಲು ಸರಿಯಿತೆಂದು ಕುರ್ಚಿಯನ್ನು ಒಂದು ಮಾರು ಆಚೆಗೆ ಹಾಕಲು ಹೇಳಿದ. ಹಾಕಿದೆ. ಶೋರೂಮಿನ ಕಾಗದ ಎಷ್ಟೋ ದಿನ ನನ್ನ ಅಂಗಿಯ ಜೇಬಿನಲ್ಲಿತ್ತು. ಒಗೆಯುವಾಗ ನೆನೆದು ಹೋಯಿತು.

ಯಂತ್ರಕ್ಕೆ ಹತ್ತಿ ಕೊಡುವುದನ್ನು ನಾನು ಕಲಿತೆ. ಮೊದಮೊದಲು ದಿನಕ್ಕೆ ಮೂರು ಸಲ ಕಚ್ಚಿಕೊಳ್ಳುತ್ತಿತ್ತು. ಈಗ ಮುಖಗವುಸು ಇಲ್ಲದೆ ನಾನೂ ಅತ್ತಿಗೆಯೂ ಧೂಳಿನ ಹತ್ತಿರ ಹೋಗುವುದಿಲ್ಲ, ಅದನ್ನು ನನ್ನ ಹೆಂಡತಿ ಆಣೆ ಮಾಡಿಸಿಕೊಂಡಿದ್ದಾಳೆ. ಹಳ್ಳಿಯ ಹೆಂಗಸರು "ದೊಡ್ಡ ಸಾಬ್ರು ಬರ್ನಿಲ್ವಾ?" ಎಂದು ಕೇಳುತ್ತಾರೆ. ಮೈ ಸರಿಯಿಲ್ಲ ಎನ್ನುತ್ತೇನೆ. ಅತ್ತಿಗೆ ದಬ್ಬಳದಿಂದ ತಲೆಯೆತ್ತುವುದಿಲ್ಲ.

ಹೋದ ತಿಂಗಳು ಅಣ್ಣ ಇದ್ದಕ್ಕಿದ್ದ ಹಾಗೆ, "ನಾಳೆ ಕಿರುಗಾವಲಿಗೆ ಅಲ್ವಾ? ನಾನೂ ಬತ್ತೀನಿ" ಎಂದ. ಮನೆಯಲ್ಲಿ ಕೂತು ಕೂತು ಬೇಜಾರಾಗಿದೆ, ಗಾಡಿಯಲ್ಲಿ ಗಾಜು ಏರಿಸಿಕೊಂಡು ಕೂತಿರುತ್ತೇನೆ ಎಂದ. ಅತ್ತಿಗೆ, "ನಾನು ಬಸ್ಸಿಗೆ ಬರ್ತೀನಿ" ಎಂದರು. ಈ ಸಲ ಅವನು ಬೇಡ ಅನ್ನಲಿಲ್ಲ. ಅವರು ಮಂಡಿ ಹಿಡಿದುಕೊಂಡು ಬೆಳಿಗ್ಗೆ ಏಳಕ್ಕೇ ಹೊರಟರು.

ದಾರಿಯಲ್ಲಿ ಅವನು ತುಂಬ ಮಾತಾಡಿದ. ಯಾವ ಗದ್ದೆ ಯಾರದ್ದು, ಯಾವ ಮನೆಯಲ್ಲಿ ಅಬ್ಬ ಯಾವಾಗ ಹಾಸಿಗೆ ಮಾಡಿಕೊಟ್ಟಿದ್ದರು ಎಂದೆಲ್ಲ. ಉಸಿರಿಗೆ ನಿಂತಾಗ ಕಿಟಕಿಯಾಚೆ ಬೆರಳು ತೋರಿಸುತ್ತಿದ್ದ. ನನಗೆ ಸಂತೋಷವಾಗಿತ್ತು.

ಕಿರುಗಾವಲಿನಲ್ಲಿ ಒಬ್ಬ ವೃದ್ಧರ ಮನೆ. ಗಂಡ ಹೆಂಡತಿ ಇಬ್ಬರಿಗೂ ಹಾಸಿಗೆ ಎತ್ತಿ ಹೊರಗೆ ತರುವ ಶಕ್ತಿಯಿಲ್ಲ. ಗಾಡಿಯನ್ನು ಬಾಗಿಲ ತನಕ ತನ್ನಿ ಎಂದರು. ಓಣಿ ಇಕ್ಕಟ್ಟು. ಕನ್ನಡಿ ಎರಡನ್ನೂ ಮಡಿಸಿ ಅಂಗುಲ ಅಂಗುಲವಾಗಿ ಒಳಗೆ ತಂದೆ. ಎಡಗಡೆ ಗೋಡೆಗೂ ಗಾಡಿಯ ಬಾಗಿಲಿಗೂ ನಡುವೆ ಕೈ ತೂರುವಷ್ಟು ಜಾಗವೂ ಉಳಿಯಲಿಲ್ಲ. ನನ್ನ ಕಡೆ ಒಬ್ಬರು ಅಡ್ಡಡ್ಡ ಇಳಿಯುವಷ್ಟಿತ್ತು, ನಾನು ಇಳಿದೆ. ಅತ್ತಿಗೆ ಆಗಲೇ ಬಂದು ಕಾಯುತ್ತಿದ್ದರು. ಹಿಂದೆ ಹೋಗಿ ಇಂಜಿನ್ನು ಹೊಡೆದೆ.

ಎರಡನೆಯ ಹಾಸಿಗೆಯ ಕೆಲಸ ನಡೆಯುತ್ತಿದ್ದಾಗ ಗಾಳಿ ತಿರುಗಿತು. ಧೂಳೆಲ್ಲ ಗಾಡಿಯ ಮುಂಭಾಗಕ್ಕೆ ನುಗ್ಗಿತು. ಇಂಜಿನ್ನು ನಿಲ್ಲಿಸಿ ಓಡಿದೆ. ಅಣ್ಣ ಗಾಜು ಏರಿಸಿಕೊಂಡು, ಟವೆಲು ಕಟ್ಟಿಕೊಂಡು ಕೂತಿದ್ದ. ಗಾಜಿನ ಮೇಲೆ ಹತ್ತಿಯ ಎಳೆಗಳು ಅಂಟಿದ್ದವು. ಒಳಗೆ ಸೆಖೆ. ಅವನ ಹಣೆ ಬೆವರಿತ್ತು. ಈಚೆ ಬಾ ಎಂದು ಸನ್ನೆ ಮಾಡಿದೆ. ಅವನ ಕಡೆಯ ಬಾಗಿಲಿಗೆ ಗೋಡೆ ಅಡ್ಡ. ನನ್ನ ಸೀಟಿನ ಮೇಲಿಂದ ಬರಲು ಗೇರಿನ ಮೇಲೆ ಕಾಲು ದಾಟಿಸಬೇಕು. ಅವನು ಒಂದು ಕಾಲು ಎತ್ತಿ ನೋಡಿದ, ಆಗಲಿಲ್ಲ. ಬೇಡ ಎಂದು ಕೈಯಾಡಿಸಿದ. ಗಾಡಿಯನ್ನು ಹೊರಗೆ ತೆಗೆಯೋಣವೆಂದರೆ ಹಿಂದೆ ಟಾರ್ಪಾಲಿನ ತುಂಬ ಆ ವೃದ್ಧರ ಹತ್ತಿ ಹರಡಿತ್ತು, ಮುಂದೆ ಓಣಿ ಮುಗಿದಿತ್ತು. ಅತ್ತಿಗೆಯೂ ನಾನೂ ಬಾಚಿ ಬಾಚಿ ಹತ್ತಿಯನ್ನು ಮನೆಯೊಳಗೆ ಹಾಕಿದೆವು. ಆ ಮುದುಕರೂ ಬಗ್ಗಿ ಕೈಲಾದಷ್ಟು ಎತ್ತಿದರು. ಕಾಲು ಗಂಟೆಯಾದರೂ ಹಿಡಿದಿರಬೇಕು. ಅಷ್ಟು ಹೊತ್ತೂ ಅವನು ಎದುರಿನ ಗೋಡೆಯನ್ನೇ ನೋಡುತ್ತಾ ಅಲುಗಾಡದೆ ಕೂತಿದ್ದ.

ರಿವರ್ಸು ತೆಗೆದು ರಸ್ತೆಗೆ ಬಂದು ಗಾಜು ಇಳಿಸಿದೆ. ಅವನು ಟವೆಲು ಬಿಚ್ಚಿ ಪಂಪು ಎಳೆದುಕೊಂಡ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, "ಚೆನ್ನಾಗಿ ತೆಗೆದೆ, ಎಲ್ಲೂ ತಾಗ್ನಿಲ್ಲ" ಎಂದ. ನಾನು ಸ್ಟೇರಿಂಗಿನ ಮೇಲೆ ಹಣೆಯಿಟ್ಟೆ. ಬೆನ್ನಿನ ಮೇಲೆ ಅವನ ಕೈ ಬಂತು. ಅದು ಎಷ್ಟು ಹಗುರವಾಗಿತ್ತೆಂದರೆ, ಬಂದದ್ದು ಒಂದು ಕ್ಷಣ ತಿಳಿಯಲೇ ಇಲ್ಲ.

ಅವನನ್ನು ರಸ್ತೆ ಪಕ್ಕದ ಹೋಟೆಲಿನಲ್ಲಿ ಟೀ ಹೇಳಿ ಕೂರಿಸಿದೆವು. ಹೋಟೆಲಿನವರು ಪರಿಚಯದವರು, ಫ್ಯಾನು ಹಾಕಿಕೊಟ್ಟರು. ನಾವು ಹಿಂದಕ್ಕೆ ಹೋಗಿ ಉಳಿದ ಕೆಲಸ ಮುಗಿಸಿದೆವು. ಮತ್ತೆ ಅವನು ಬರುತ್ತೇನೆ ಎಂದಿಲ್ಲ. ನಾವೂ ಕರೆದಿಲ್ಲ.

ಗಾಡಿಯ ಬದಿಯಲ್ಲಿ ಬರೆಸಿರುವುದು ಅವನ ನಂಬರು. ಹಳ್ಳಿಗಳಿಂದ ಬರುವ ಕರೆಗಳನ್ನು ಮನೆಯಲ್ಲಿ ಕೂತು ಅವನೇ ತೆಗೆದುಕೊಳ್ಳುತ್ತಾನೆ. ಎಷ್ಟು ಹಾಸಿಗೆ, ಬೂರುಗದ ಹತ್ತಿಯೋ ಸಾದಾ ಹತ್ತಿಯೋ, ಯಾವ ಬೀದಿ ಎಂದು ನಿಧಾನವಾಗಿ ಕೇಳಿ ಬರೆದುಕೊಳ್ಳುತ್ತಾನೆ. ಮೊದಲೆಲ್ಲ "ಬುಧವಾರ ಬರ್ತೀವಿ" ಅನ್ನುತ್ತಿದ್ದ. ಈಚೆಗೆ "ಬುಧವಾರ ಬರ್ತಾರೆ" ಅನ್ನುತ್ತಾನೆ. ಅದನ್ನು ಮೊದಲು ಗಮನಿಸಿದ್ದು ಅತ್ತಿಗೆ, ನನಗೆ ಹೇಳಿದ್ದೂ ಅವರೇ, ಹನಕೆರೆಯ ದಾರಿಯಲ್ಲಿ. ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದರು. ರೈಲ್ವೆ ಗೇಟು ಹಾಕಿತ್ತು. ಇಂಜಿನ್ನು ಆರಿಸಿ, ರೈಲು ಹೋಗುವ ತನಕ ಇಬ್ಬರೂ ಕಾದೆವು.